ಒಂಬತ್ತನೇ ಕೌದಿ

"ಹನ್ನೊಂದು! ಅತ್ತಿ, ಕೇಳಿದ್ರೇನು? ಹನ್ನೊಂದು ಕೌದಿ! ಒಂದ ಆರ್ಡರ್‌ನಾಗ!"

ಅಮ್ಮ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹಾಲಿನಲ್ಲಿ ಗರಗರ ಒಂದು ಸುತ್ತು ತಿರುಗಿದಳು. ಚಾರ್ಜರಿನ ವಯರೂ ಅವಳ ಹಿಂದೆಯೇ ಸುತ್ತಿತು. ಸ್ಟೂಲಿನ ಮೇಲಿದ್ದ ಚಹಾದ ಕಪ್ಪು ಬೀಳುವುದರಲ್ಲಿತ್ತು, ವರದಾ ಹಾರಿ ಹಿಡಿದುಕೊಂಡಳು. ಅವಳು ಆಗತಾನೇ ಶಾಲೆಯಿಂದ ಬಂದಿದ್ದಳು. ಒಂದು ಕಾಲಿನಲ್ಲಿ ಇನ್ನೂ ಬೂಟು ಇತ್ತು.

ಕಿಟಕಿಯ ಹತ್ತಿರ ಕಾಲು ಚಾಚಿ ಕೂತು ಹೊಲಿಯುತ್ತಿದ್ದ ಭೀಮವ್ವಜ್ಜಿ ಸೂಜಿ ನಿಲ್ಲಿಸಿದಳು.

"ಹನ್ನೊಂದು ಯಾರಿಗವಾ? ಮದುವಿ ಮನಿ ಅದ ಏನು?"

"ಯಾರಿಗೋ ಏನೋ! ದೌಂಡದಾಗಿನವ್ರು. ಪ್ರಲ್ಹಾದ ಅಂತ ಹೆಸರದ. ನೋಡ್ರಿ ಇಲ್ಲೆ, ನಂಬರ್ ನಾಕು, ನಂಬರ್ ನಾಕು... ಎಲ್ಲಾ ನಂಬರ್ ನಾಕ."

ವರದಾ ಕಪ್ಪನ್ನು ಕೆಳಗಿಟ್ಟಳು. "ಅಮ್ಮಾ, ನಂಬರ್ ನಾಕು ಒಂದ ಅದ ಅಲ್ಲ?"

ಅಮ್ಮ ತಿರುಗುವುದನ್ನು ನಿಲ್ಲಿಸಿದಳು.

ಹೌದು, ಒಂದೇ ಇತ್ತು. ಭೀಮವ್ವಜ್ಜಿ ಹೊಲಿದ ಯಾವ ಕೌದಿಯೂ ಇನ್ನೊಂದರ ಹಾಗೆ ಇರುತ್ತಿರಲಿಲ್ಲ. ಇರುವುದಾದರೂ ಹೇಗೆ? ಪುಣೆಯ ಖಡಕಿಯಲ್ಲಿ ಅವರಿದ್ದ ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಂಗಸರೆಲ್ಲ ಹಳೆಯ ಸೀರೆ ತಂದು ಅಜ್ಜಿಯ ಮುಂದೆ ಇಡುತ್ತಿದ್ದರು. ಅಜ್ಜಿ ಅವನ್ನು ತುಂಡು ಮಾಡಿ, ಒಂದರ ಪಕ್ಕ ಒಂದು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಅಂಚಿನಿಂದ ಅಂಚಿಗೆ ಸಾಲು ಸಾಲಾಗಿ ಹೊಲಿಯುತ್ತಿದ್ದಳು. ಹೊಲಿಯುವಾಗ ಬಾಯಲ್ಲಿ ಯಾವಾಗಲೂ ದೇವರ ಪದ. ಒಂದು ನುಡಿ ಮುಗಿದರೆ ಒಂದು ಸಾಲು ಮುಗಿಯಿತು. ಎಲ್ಲ ಮುಗಿದ ಮೇಲೆ, ಕಡೆಯ ಮೂಲೆ ಮುಚ್ಚುವ ಮೊದಲು, ಒಳಗೆ ಐದು ಜೋಳದ ಕಾಳು ಹಾಕುತ್ತಿದ್ದಳು.

"ಯಾಕ ಅಜ್ಜಿ?" ಎಂದು ವರದಾ ಸಣ್ಣವಳಿದ್ದಾಗ ಕೇಳಿದ್ದಳು.

"ಕೌದಿ ಹಸಗೊಂಡಿರಬಾರದವಾ. ತನ್ನ ಹೊಟ್ಟಿ ತುಂಬಿದ್ರ ಮಂದೀನ ಬೆಚ್ಚಗ ಇಡತದ."

ಈ ಕೌದಿಗಳನ್ನು ಮಾರಲು ಅಮ್ಮ ದೀಪಾವಳಿ ರಜೆಯಲ್ಲಿ ಆನ್‌ಲೈನ್ ಅಂಗಡಿ ತೆರೆದಿದ್ದಳು. ಫೋಟೋ ತೆಗೆದು ಅಂಗಡಿಗೆ ಏರಿಸುವ ಕೆಲಸ ವರದಾಳದ್ದು. ಹತ್ತು ವರ್ಷದ ಅವಳಿಗೆ ಇದು ಮೊದಲನೇ ಖರೇ ಕೆಲಸ. ಹದಿನಾಲ್ಕು ಕೌದಿ, ಹದಿನಾಲ್ಕು ಫೋಟೋ. ಎಲ್ಲ ಸುಲಭವಾಗಿತ್ತು, ಒಂದು ಡಬ್ಬಿ ಬಿಟ್ಟು.

ಪ್ರತಿ ಫೋಟೋದ ಕೆಳಗೆ ಒಂದು ಖಾಲಿ ಡಬ್ಬಿ ಬರುತ್ತಿತ್ತು. 'ಚಿತ್ರದಲ್ಲಿ ಏನಿದೆ? ವಿವರಿಸಿ.' ಪಕ್ಕದಲ್ಲಿ ಕೆಂಪು ಚುಕ್ಕಿ. ತುಂಬದಿದ್ದರೆ ಅದು ಮುಂದೆ ಬಿಡುತ್ತಿರಲಿಲ್ಲ.

"ಏನರ ತುಂಬು. ಫೋಟೋ ಕಾಣ್ತದಲ್ಲ, ಅದನ್ನ ಯಾರ್ ಓದ್ತಾರ?" ಎಂದಿದ್ದಳು ಅಮ್ಮ.

ವರದಾ ಮೊದಲನೆಯದಕ್ಕೆ 'ಕೌದಿ' ಎಂದು ತುಂಬಿದಳು. ಎರಡನೆಯದಕ್ಕೂ 'ಕೌದಿ' ಎಂದಳು. ಆಮೇಲೆ ಅಂಗಡಿಯನ್ನು ತೆರೆದು ಹುಡುಕಿದಳು. ಅವಳು ಬರೆದದ್ದು ಎಲ್ಲಿಯೂ ಕಾಣಲಿಲ್ಲ! ಅಂದರೆ ಆ ಡಬ್ಬಿಯಲ್ಲಿ ಏನು ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂರನೆಯದಕ್ಕೆ ಬಂದಾಗ ಅವಳು ಫೋನಿನ ಮೈಕ್ ಒತ್ತಿ, ಕನ್ನಡದಲ್ಲಿ, ಮನಸ್ಸಿಗೆ ಬಂದದ್ದನ್ನು ಪಿಸುಗುಟ್ಟಿದಳು. ಫೋನು ಅದನ್ನೇ ಬರೆದುಕೊಂಡಿತು. ಭಾಳ ಮಜಾ ಅನ್ನಿಸಿತು. ಹದಿನಾಲ್ಕರ ತನಕ ಹಾಗೆಯೇ ಪಿಸುಗುಟ್ಟುತ್ತಾ ಹೋದಳು.

"ಫೋನ್ ಮಾಡಿ ಕೇಳೇಬಿಡೋಣ," ಎಂದು ಅಮ್ಮ ಈಗ ನಂಬರ್ ಒತ್ತಿದಳು. ಅಜ್ಜಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ನಮಸ್ಕಾರ, ಮೀ ಪುಣ್ಯಾಹೂನ ಬೋಲತೇ..." ಎಂದು ಅಮ್ಮ ಮರಾಠಿಯಲ್ಲಿ ಶುರು ಮಾಡಿದಳು.

"ಕನ್ನಡದಾಗ ಮಾತಾಡ್ರಿ ತಾಯಿ," ಎಂದಿತು ಆ ಕಡೆಯ ದನಿ. ದಪ್ಪ, ಸಮಾಧಾನದ ದನಿ. "ನಿಮ್ಮ ಅಂಗಡಿ ಕನ್ನಡ ಮಾತಾಡ್ತದಂತನ ನಾ ಅಲ್ಲಿಗೆ ಬಂದದ್ದು."

ಅಮ್ಮನಿಗೆ ಅರ್ಥವಾಗಲಿಲ್ಲ. ಆದರೂ ಕೇಳಿದಳು. "ನೀವು ಹನ್ನೊಂದು ಕೌದಿ ಆರ್ಡರ್ ಮಾಡೀರಲ್ರಿ..."

"ಹನ್ನೊಂದು? ಅಯ್ಯಯ್ಯೋ! ಮಗಳು ಹಡದದ್ದು ಒಂದ ಕೂಸು ರೀ!"

ಅಜ್ಜಿ ಕಿಸಕ್ಕನೆ ನಕ್ಕಳು.

"ಹಂಗಾದ್ರ ಹನ್ನೊಂದು ಹೆಂಗಾತ್ರಿ?"

"ತಡೀರಿ, ಗೊತ್ತಾತು. ನನಗ ಕಣ್ಣು ಕಾಣಂಗಿಲ್ರಿ. ಹುಟ್ಟಿದಾಗಿಂದ. ಇಲ್ಲೆ ರೈಲ್ವೆ ಆಫೀಸಿನಾಗ ಟೆಲಿಫೋನ್ ನೋಡಿಕೊಳ್ತೀನಿ. ನನ್ನ ಮೊಬೈಲು ಪರದೆ ಮ್ಯಾಲೆ ಇರೋದನ್ನೆಲ್ಲಾ ಓದಿ ಹೇಳ್ತದ. ನಾ ಕೇಳಿ ಕೇಳಿ ಒತ್ತತೀನಿ. ನಿಮ್ಮ ಅಂಗಡಿಯೊಳಗ ನಾಕು ಬಟನ್ ಅವ ನೋಡ್ರಿ. ಮೊದಲನೇದ್ದು ಮುಟ್ಟಿದೆ, 'ಬಟನ್' ಅಂತು. ಎರಡನೇದ್ದು ಮುಟ್ಟಿದೆ, 'ಬಟನ್' ಅಂತು. ಮೂರನೇದ್ದು, ನಾಕನೇದ್ದು, ಅವೂ 'ಬಟನ್'. ಯಾವುದು ಏನು ಮಾಡ್ತದಂತ ಹೇಳಲೇ ಇಲ್ಲ. ಎರಡನೇದ್ದ ಇರಬೇಕಂತ ಒತ್ತಿದೆ. ಸುಮ್ಮನಿತ್ತು. ಲಿಫ್ಟ್ ಬರಲಿಲ್ಲಂದ್ರ ಮಂದಿ ಹೆಂಗ ಒತ್ತತಾರ? ಹಂಗ ಹತ್ತು ಸಲ ಒತ್ತಿದೆ. ಕಡೀಕ ಕಡೇ ಬಟನ್ ಒತ್ತಿದಾಗ ಆರ್ಡರ್ ಹೋತು."

ಅಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿದಳು. ಎರಡನೆಯ ಬಟನ್ ಎಂದರೆ ಪ್ಲಸ್ ಗುರುತು. ಗುರುತಿನ ಚಿತ್ರ ಮಾತ್ರ ಇತ್ತು, ಹೆಸರು ಇರಲಿಲ್ಲ. ಒಂದಿದ್ದದ್ದು ಹತ್ತು ಸಲ ಹೆಚ್ಚಾಗಿ ಹನ್ನೊಂದಾಗಿತ್ತು. ಒಂದೇ ಕೌದಿ ಇದೆ ಎಂದು ಅಂಗಡಿಗೆ ತಿಳಿಸುವುದನ್ನೂ ಅಮ್ಮ ಮರೆತಿದ್ದಳು.

"ತಪ್ಪು ನಮ್ಮದ ಅದ ರೀ," ಎಂದಳು ಅಮ್ಮ ಸಣ್ಣ ದನಿಯಲ್ಲಿ. "ನಿಮಗ ಇಷ್ಟು ತ್ರಾಸ ಆದ್ರೂ ಬ್ಯಾರೆ ಅಂಗಡಿಗೆ ಹೋಗಲಿಲ್ಲೇನ್ರಿ?"

"ಹೋಗಿದ್ನಲ್ಲ! ಎಲ್ಲಾ ಅಂಗಡಿಗೂ ಹೋದೆ. ಏನು ಮುಟ್ಟಿದ್ರೂ ಫೋಟೋ, ಫೋಟೋ, ಫೋಟೋ. ಎಂಥಾ ಫೋಟೋ ಅಂತ ಒಬ್ಬರೂ ಹೇಳಲಿಲ್ಲ. ನಿಮ್ಮ ಅಂಗಡಿಯೊಳಗ ಮಾತ್ರ ಒಂದು ಹುಡುಗಿ ಇದ್ಲು."

"ಹುಡುಗಿ?"

"ಹೌದ್ರಿ. ಪಟಪಟ ಮಾತಾಡ್ತಾಳ."

ಅಮ್ಮ ನಿಧಾನವಾಗಿ ವರದಾಳ ಕಡೆ ತಿರುಗಿದಳು. ವರದಾ ಇನ್ನೊಂದು ಬೂಟಿನ ಲೇಸನ್ನು ಬಹಳ ಲಕ್ಷ್ಯದಿಂದ ಬಿಚ್ಚತೊಡಗಿದಳು. ಆ ಬೂಟಿಗೆ ಲೇಸೇ ಇರಲಿಲ್ಲ.

"ನಾಕನೇ ಕೌದಿಗೆ ಏನು ಹೇಳ್ಯಾಳ ಕೇಳ್ರಿ. ನಾ ಕೇಳಿದ್ದು ಮರೆಯಂಗಿಲ್ಲ, ಬಾಯಿಪಾಠ ಆಗಿಬಿಡ್ತದ." ಪ್ರಲ್ಹಾದ ಅವರು ಗಂಟಲು ಸರಿಮಾಡಿಕೊಂಡರು. "'ಇದು ತೊಟ್ಟಿಲದಷ್ಟು ಸಣ್ಣದು. ಭಾಳ ಮೆತ್ತಗದ. ನಾ ತಲಿ ಇಟ್ಟು ನೋಡಿದೆ. ಎರಡ ನಿಮಿಷಕ್ಕ ನಿದ್ದಿ ಬಂತು. ಹೋಮ್‌ವರ್ಕ್ ಉಳೀತು.' ಇದಕ್ಕಿಂತ ಇನ್ನೇನು ಬೇಕ್ರಿ? ಬರೋ ರವಿವಾರ ನಮ್ಮ ಮೊಮ್ಮಗಳ ತೊಟ್ಟಿಲ ಕಾರ್ಯ. ಮನಿಯಾಗ ಎಲ್ಲಾ ಸಾಮಾನು ಎಲ್ಲರೂ ಆರಿಸ್ಯಾರ. ಇದೊಂದು ನಾನ ಆರಿಸಬೇಕು, ಯಾರನ್ನೂ ಕೇಳಬಾರದು ಅಂತ ಹಟ ಹಿಡದೀನಿ."

"ಮತ್ತ ಉಳಿದ ಕೌದಿಗೆ ಏನೇನು ಹೇಳ್ಯಾಳ್ರಿ ನಮ್ಮ ಹುಡುಗಿ?" ಎಂದಳು ಅಮ್ಮ. ಅವಳ ಕಣ್ಣು ವರದಾಳ ಮೇಲೆಯೇ ಇತ್ತು.

"ಮೂರನೇದ್ದು: 'ಇದರಾಗಿನ ಹಸಿರು ತುಂಡು ನಮ್ಮಪ್ಪನ ಹಳೇ ಲುಂಗಿ. ಯಾರಿಗೂ ಹೇಳಬ್ಯಾಡ್ರಿ.'"

"ಅವ್ವಾ!" ಎಂದು ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಲುಂಗಿ ಕತ್ತರಿಸಿದವಳು ಅವಳೇ.

ವರದಾ ಬೆರಳು ಮಡಚಿ ಎಣಿಸತೊಡಗಿದಳು. ಲುಂಗಿಯ ಚಿಂತೆ ಅವಳಿಗೆ ಇರಲಿಲ್ಲ. ಮೂರು ಆಯಿತು, ನಾಲ್ಕು ಆಯಿತು. ಹೀಗೆ ಹೇಳುತ್ತಾ ಹೋದರೆ ಒಂಬತ್ತು ಬರುತ್ತದೆ.

ಒಂಬತ್ತರಲ್ಲಿ ಅವಳು ಏನು ಪಿಸುಗುಟ್ಟಿದ್ದಳೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. 'ಇದರ ಹೊಲಿಗಿ ಸೊಟ್ಟ ಅದ. ಅಜ್ಜಿಗೆ ಈಗ ಸೂಜಿ ಕಾಣಂಗಿಲ್ಲ. ದಿನಾ ನಾನ ದಾರ ಪೋಣಿಸಿ ಕೊಡ್ತೀನಿ. ಅಪ್ಪಗ ಗೊತ್ತಾದ್ರ ಹೊಲಿಯೋದು ಬಿಡಸ್ತಾರ, ಹೇಳಬ್ಯಾಡ ಅಂದಾಳ.'

ಗಣಪತಿ ಹಬ್ಬದಿಂದ ಅದು ಅವರಿಬ್ಬರ ಗುಟ್ಟು. ದಿನಾ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ವರದಾ ಹತ್ತು ಸೂಜಿಗೆ ದಾರ ಪೋಣಿಸಿ, ಅಜ್ಜಿಯ ತಲೆದಿಂಬಿಗೆ ಸಾಲಾಗಿ ಚುಚ್ಚಿ ಇಡುತ್ತಿದ್ದಳು. ಅಜ್ಜಿ ಅವಳ ತಲೆ ಸವರಿ, "ನಮ್ಮ ಇಬ್ಬರ ನಡುವ, ಆಂ?" ಎನ್ನುತ್ತಿದ್ದಳು.

"ಏಳನೇದ್ದು," ಎನ್ನುತ್ತಿದ್ದರು ಪ್ರಲ್ಹಾದ ಅವರು. "'ಇದನ್ನ ನೋಡಿದ್ರ ನಮ್ಮ ಗಣಿತ ಟೀಚರ್ ನೆನಪಾಗ್ತಾರ. ಎಲ್ಲಾ ಚೌಕಾನ ಚೌಕ.'"

"ಅಮ್ಮಾ, ಕುಕ್ಕರ್!" ಎಂದು ಕೂಗಿದಳು ವರದಾ.

"ಕುಕ್ಕರ್ ಇಟ್ಟೇ ಇಲ್ಲ. ಸುಮ್ಮನ ಕೂಡು."

"ಎಂಟನೇದ್ದು: 'ಇದರ ಮ್ಯಾಲೆ ಕೂತು ಪಾಣಿಪುರಿ ತಿಂದೆ. ಒಂದು ಹನಿ ಬಿತ್ತು. ಎಲ್ಲೆ ಅಂತ ಹೇಳಂಗಿಲ್ಲ.'"

"ಕೌದಿ ಮ್ಯಾಲೆ ಪಾಣಿಪುರಿ!" ಎಂದಳು ಅಮ್ಮ.

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ವರದಾ ಎರಡೂ ಕಿವಿ ಮುಚ್ಚಿಕೊಂಡಳು. ಮುಚ್ಚಿದರೂ ಕೇಳುತ್ತಿತ್ತು.

ಆ ಕಡೆ ಪ್ರಲ್ಹಾದ ಅವರು ಒಮ್ಮೆ ಕೆಮ್ಮಿದರು.

"ಹತ್ತನೇದ್ದು," ಎಂದರು. "'ಇದು ಭಾಳ ವಜ್ಜಾ. ಹೊತ್ಕೊಂಡ್ರ ಮೈಮ್ಯಾಲೆ ಆನಿ ಮಲಗಿದಂಗ ಆಗ್ತದ.'"

ವರದಾ ಕಿವಿಯಿಂದ ಕೈ ತೆಗೆದಳು. ಒಂಬತ್ತು ಬರಲೇ ಇಲ್ಲ!

ಹದಿನಾಲ್ಕನೆಯದು ಮುಗಿದಾಗ ಅಮ್ಮನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಕಡೆಗೆ ನಕ್ಕಳು. "ನಾಕನೇ ಕೌದಿ ನಾಳೆನ ಕೊರಿಯರ್ ಹಾಕ್ತೀನ್ರಿ. ಒಂದ ಹಾಕ್ತೀನಿ. ಮತ್ತ ಆ ಬಟನ್ ಹೆಂಗ ಸರಿ ಮಾಡೋದು ಅಂತ ಸ್ವಲ್ಪ ಹೇಳ್ತೀರೇನು?"

"ಅದರಾಗೇನದ? ಚಿತ್ರಕ್ಕ ಹೆಂಗ ಡಬ್ಬಿ ಅದನೋ ಬಟನ್ನಿಗೂ ಹೆಸರಿನ ಡಬ್ಬಿ ಇರ್ತದ. ರವಿವಾರ ನಾವು ಕೂಸಿಗೆ ಹೆಸರಿಡ್ತೀವಿ. ಅಷ್ಟರಾಗ ನೀವು ಬಟನ್ನಿಗೆ ಹೆಸರಿಡ್ರಿ," ಎಂದು ಅವರು ಗಟ್ಟಿಯಾಗಿ ನಕ್ಕರು. "ಆ ಹುಡುಗಿಗೆ ಸ್ವಲ್ಪ ಫೋನ್ ಕೊಡ್ರಿ. ಸ್ಪೀಕರ್ ಬಂದ್ ಮಾಡಿ ಕೊಡ್ರಿ. ನಮ್ಮ ಇಬ್ಬರದು ವ್ಯವಹಾರ ಅದ."

ವರದಾ ಫೋನು ಹಿಡಿದು ಬಾಲ್ಕನಿಗೆ ಓಡಿದಳು.

"ನಿನ್ನ ಹೆಸರೇನವಾ?"

"ವರದಾ ರೀ."

"ವರದಾ, ಎಲ್ಲಾ ಬಾಯಿಪಾಠ ಬಂತು. ಒಂಬತ್ತನೇದ್ದು ಒಂದು ಮಾತ್ರ ನನ್ನ ಬಾಯಿಗೆ ಬರಲಿಲ್ಲ ನೋಡು."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಶುರು ಮಾಡುತ್ತಿದ್ದರು. ಅದು ಶುರುವಾಗುತ್ತಿರಲಿಲ್ಲ. ವರದಾ ಅದನ್ನೇ ನೋಡುತ್ತಾ ನಿಂತಳು.

"ಯಾರೂ ಓದಂಗಿಲ್ಲಂತ ತಿಳಕೊಂಡಿದ್ದೆ ರೀ," ಎಂದಳು ಕಡೆಗೆ.

"ನಾ ಓದ್ತೀನಲ್ಲವಾ. ಆ ಡಬ್ಬಿ ಇರೋದ ನಮ್ಮ ಮೊಬೈಲು ಓದಿ ಹೇಳಲಿ ಅಂತ. ನನ್ನಂಥವರು ಭಾಳ ಮಂದಿ ಇದ್ದೀವಿ."

"ನಾ ಅದನ್ನ ಅಳಸ್ತೀನಿ. ಎಲ್ಲಾ ಅಳಸ್ತೀನಿ."

"ಎಲ್ಲಾ ಯಾಕ? ನೀನೂ ಸುಮ್ಮನಾದ್ರ ನಾ ಇನ್ಯಾರನ್ನ ಕೇಳಲಿ?"

ವರದಾ ಒಂಬತ್ತನ್ನು ಮಾತ್ರ ಅಳಿಸಿದಳು. ಡಬ್ಬಿ ಖಾಲಿಯಾಯಿತು, ಕೆಂಪು ಚುಕ್ಕಿ ಬಂತು. ಅವಳು 'ಕೌದಿ' ಎಂದಷ್ಟೇ ತುಂಬಿ ಸುಮ್ಮನಾದಳು.

ಸಂಜೆ ದೇವರ ದೀಪ ಹಚ್ಚಿಯಾದ ಮೇಲೆ ಅಜ್ಜಿ ಮತ್ತೆ ಹೊಲಿಯಲು ಕೂತಳು. ವರದಾ ಪಕ್ಕದಲ್ಲಿ ಕೂತು ಖಾಲಿಯಾದ ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ಅಮ್ಮ ತರಕಾರಿ ತರಲು ಹೋಗಿದ್ದಳು. ಅಜ್ಜಿ ಪದ ಹೇಳುತ್ತಿದ್ದಳು. ಒಂದು ನುಡಿ, ಒಂದು ಸಾಲು. ಇನ್ನೊಂದು ನುಡಿ, ಇನ್ನೊಂದು ಸಾಲು.

"ಎಂಟರ ಮ್ಯಾಲೆ ಹತ್ತು ಬಂತು," ಎಂದಳು ಅಜ್ಜಿ ಇದ್ದಕ್ಕಿದ್ದಂತೆ.

ವರದಾಳ ಕೈಯಲ್ಲಿದ್ದ ದಾರ ಸೂಜಿಯ ಕಣ್ಣು ತಪ್ಪಿತು.

"ಪದದಾಗ ಒಂದು ನುಡಿ ಬಿಟ್ರ ನನಗ ಗೊತ್ತಾಗಂಗಿಲ್ಲೇನವಾ? ಆ ಪುಣ್ಯಾತ್ಮ ಎಲ್ಲಾ ಹೇಳಿದ, ಒಂಬತ್ತು ನುಂಗಿದ. ನೀ ಕಿವಿ ಮುಚ್ಚಿಕೊಂಡಿದ್ದಿ ಬಿಡು. ಏನಿತ್ತು ಒಂಬತ್ತರಾಗ?"

ಏನೂ ಇಲ್ಲ ಎನ್ನಬಹುದಿತ್ತು. ಅಳಿಸಿಯೂ ಆಗಿತ್ತು. ಆದರೆ ಅಜ್ಜಿಯ ಕಣ್ಣು ಅವಳ ಕಡೆ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿತ್ತು. ಆ ಕಿವಿಯ ಮುಂದೆ ಸುಳ್ಳು ಹೇಳಲು ಆಗಲಿಲ್ಲ.

ವರದಾ ಹೇಳಿದಳು. ಬರೆದದ್ದನ್ನು ಬರೆದ ಹಾಗೆಯೇ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಗಿ, ಕಡೆಯ ಮಾತು ಅವಳಿಗೇ ಕೇಳಿಸಲಿಲ್ಲ.

ಅಜ್ಜಿ ಮತ್ತೆ ಪದ ಎತ್ತಲಿಲ್ಲ. ಆದರೆ ಸೂಜಿ ಮಾತ್ರ ಒಳಗೆ ಹೊರಗೆ, ಒಳಗೆ ಹೊರಗೆ ಹೋಗುತ್ತಿತ್ತು. ವರದಾ ಮೊದಲ ಸಲ ಗಮನಿಸಿದಳು. ಅಜ್ಜಿ ಬಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಎಡಗೈಯ ಹೆಬ್ಬೆರಳು ಮುಂದೆ ಮುಂದೆ ಹೋಗಿ ದಾರಿ ಹುಡುಕುತ್ತಿತ್ತು. ಸೂಜಿ ಅದರ ಹಿಂದೆಯೇ ಬರುತ್ತಿತ್ತು.

ಸಾಲು ಮುಗಿಯಿತು. ಅಜ್ಜಿ ದಾರ ಕಡಿದಳು.

"ನೀ ಬರದದ್ದು ಸುಳ್ಳೇನಲ್ಲ," ಎಂದಳು. "ಖರೇನ ಅದ."

"ಆದ್ರ ನಿನ್ನ ಕೇಳಲಿಲ್ಲ ನಾ," ಎಂದಳು ವರದಾ. ಕಣ್ಣಿನಿಂದ ಒಂದು ಹನಿ ಉರುಳಿತು.

"ಹಾಂ. ಅದು." ಅಜ್ಜಿ ಕೈ ಚಾಚಿ ಅವಳ ಗಲ್ಲ ಹುಡುಕಿ ಒರೆಸಿದಳು. "ಕೌದಿ ಮ್ಯಾಲೆ ಬೀಳಸಬ್ಯಾಡ. ಪಾಣಿಪುರಿ ಕಲೆನ ಸಾಕು."

ವರದಾಳಿಗೆ ಅಳುವಿನ ನಡುವೆಯೇ ನಗು ಬಂತು.

ಊಟದ ಹೊತ್ತಿಗೆ ಅಜ್ಜಿ ತಾನೇ ಬಾಯಿ ಬಿಟ್ಟಳು. ಅಪ್ಪ ಫ್ಯಾಕ್ಟರಿಯಿಂದ ಬಂದು, ರೊಟ್ಟಿ ಮುರಿದು, ಇನ್ನೇನು ಬಾಯಿಗೆ ಇಡಬೇಕು ಎನ್ನುವಾಗ, "ಮಾಂತು, ನನಗ ಕಣ್ಣು ಮಂಜಾಗ್ಯಾವಪಾ," ಎಂದಳು.

ರೊಟ್ಟಿ ಗಾಳಿಯಲ್ಲೇ ನಿಂತಿತು. "ಯಾವಾಗಿಂದ?"

"ಗಣಪತಿ ಹಬ್ಬದಿಂದ."

"ಮೂರು ತಿಂಗಳಾತಲ್ಲ! ಮತ್ತ ಸೂಜಿ..."

"ವರದಾ ಪೋಣಿಸಿ ಕೊಡ್ತಾಳ. ನಾನ ಹೇಳಬ್ಯಾಡ ಅಂದಿದ್ದೆ. ಅಕಿಗೆ ಬೈಬ್ಯಾಡ."

"ನಾಳೆನ ಡಾಕ್ಟರ್ ಕಡೆ ಹೋಗೂಣು. ಅಲ್ಲೀತನಕ ಹೊಲಿಯೋದು ಪೂರ್ತಿ ಬಂದ್."

"ಬಂದ್ ಅಂದ್ರ ನಾ ಡಾಕ್ಟರ್ ಕಡೆ ಬರಂಗಿಲ್ಲ," ಎಂದಳು ಅಜ್ಜಿ. ಮಗುವಿನ ಹಾಗೆ ತಟ್ಟೆಯನ್ನು ಒಂದು ಬೆರಳಿನಿಂದ ಹಿಂದಕ್ಕೆ ಸರಿಸಿದಳು.

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದಳು.

"ಆತು. ಡಾಕ್ಟರ್ ಏನಂತಾರೋ ಹಂಗ," ಎಂದ ಅಪ್ಪ. ಎರಡು ತುತ್ತು ಉಂಡ. ಆಮೇಲೆ ಏನೋ ನೆನಪಾದಂತೆ ತಲೆ ಎತ್ತಿದ. "ಅಂದಂಗ ನನ್ನ ಹಸಿರು ಲುಂಗಿ ಎಲ್ಲದ? ಅದೂ ಗಣಪತಿ ಹಬ್ಬದಿಂದ ಕಾಣವಲ್ದು."

ಮೂವರೂ ಒಟ್ಟಿಗೇ ನಗಲು ಶುರು ಮಾಡಿದರು. ಅಪ್ಪನಿಗೆ ಒಂದೂ ತಿಳಿಯಲಿಲ್ಲ.

ಮರುದಿನ ಡಾಕ್ಟರು ಅಜ್ಜಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಪೊರೆ ಬಂದಿದೆ, ಮುಂದಿನ ತಿಂಗಳು ತೆಗೆದುಬಿಡೋಣ ಎಂದರು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲೀತನಕ ಹೊಲೀಬಹುದೇನ್ರಿ?" ಅಪ್ಪ ಅದನ್ನು ಮರಾಠಿಯಲ್ಲಿ ಹೇಳಿದ. ಕೈಗೆ ಚುಚ್ಚಿಕೊಳ್ಳದಿದ್ದರೆ ಧಾರಾಳವಾಗಿ ಹೊಲಿಯಲಿ ಎಂದರು ಡಾಕ್ಟರು. ಅಜ್ಜಿ ದಾರಿಯುದ್ದಕ್ಕೂ ರಿಕ್ಷಾದಲ್ಲಿ ಪದ ಹೇಳುತ್ತಾ ಬಂದಳು.

ಅದೇ ದಿನ ನಾಲ್ಕನೇ ಕೌದಿ ಕಾಗದ ಸುತ್ತಿಕೊಂಡು ದೌಂಡಕ್ಕೆ ಹೊರಟಿತು.

ಶುಕ್ರವಾರ ಬಟನ್ನುಗಳ ನಾಮಕರಣ. ಪ್ರಲ್ಹಾದ ಅವರು ಫೋನಿನಲ್ಲಿ ಹೇಳಿಕೊಟ್ಟರು, ಅಮ್ಮ ಒಂದೊಂದೇ ಡಬ್ಬಿ ಹುಡುಕಿದಳು. ಮೊದಲನೆಯದಕ್ಕೆ 'ಒಂದು ಕಡಿಮೆ ಮಾಡಿ' ಎಂದು ಹೆಸರಿಟ್ಟಾಯಿತು. ಎರಡನೆಯದಕ್ಕೆ 'ಒಂದು ಹೆಚ್ಚು ಮಾಡಿ'. ಮೂರನೆಯದು ಹೃದಯದ ಚಿತ್ರ. ಅದಕ್ಕೆ ವರದಾ 'ಇಷ್ಟವಾಯಿತು' ಎಂದಳು. ನಾಲ್ಕನೆಯದು 'ಚೀಲಕ್ಕೆ ಹಾಕಿ'. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹಾಗೆಯೇ ಬರೆದರು.

"ಈಗ ಕಣ್ಣು ಮುಚ್ಚಿಕೊಂಡು ನೀವ ಒಂದು ಕೌದಿ ತಗೊಂಡು ನೋಡ್ರಿ," ಎಂದರು ಪ್ರಲ್ಹಾದ ಅವರು.

ಅಮ್ಮನ ಫೋನಿನಲ್ಲಿ ಓದಿ ಹೇಳುವ ದನಿ ಶುರು ಮಾಡಿದರು. ಅಷ್ಟೇ, ಫೋನು ಹೇಳಿದ ಮಾತೇ ಕೇಳದಾಯಿತು. ಒಮ್ಮೆ ಮುಟ್ಟಿದರೆ ಬರೀ ಓದುತ್ತಿತ್ತು, ಎರಡು ಸಲ ತಟ್ಟಿದರೆ ಮಾತ್ರ ಕೆಲಸ ಮಾಡುತ್ತಿತ್ತು. ಅಮ್ಮ ಗಾಬರಿಯಾಗಿ ಅಲ್ಲಿ ಇಲ್ಲಿ ತಟ್ಟಿದಳು. ಫೋನು ನೇರ ಅವಳ ಶಾಲೆಯ ಗೆಳತಿ ನೀರಜಾಳಿಗೆ ಹೋಯಿತು. ಎಂಟು ವರ್ಷದ ಮೇಲೆ ಅವರಿಬ್ಬರೂ ಹತ್ತು ನಿಮಿಷ ಮಾತಾಡಿದರು.

ಆಮೇಲೆ ಅಪ್ಪನ ಸರದಿ. ವರದಾ ಅವನ ಕಣ್ಣಿಗೆ ಅಮ್ಮನ ಓಢಣಿ ಕಟ್ಟಿದಳು. ಅಪ್ಪ ನಾಲಿಗೆ ಕಚ್ಚಿಕೊಂಡು, ಒಂದೇ ಬೆರಳಿನಿಂದ ಪರದೆಯನ್ನು ಸವರುತ್ತಾ ಹೋದ. ದನಿ ಓದುತ್ತಾ ಹೋಯಿತು. ಅಪ್ಪ ಒಂದು ಕಡೆ ನಿಂತ, ತಲೆ ಆಡಿಸಿದ, ಎರಡು ಸಲ ತಟ್ಟಿದ. ಮತ್ತೆ ಮುಂದೆ ಹೋದ, ಮತ್ತೆ ತಟ್ಟಿದ.

"ಮೂರನೇ ಕೌದಿ," ಎಂದಿತು ಫೋನು. "ಒಂದು. ಚೀಲದಲ್ಲಿದೆ."

ಅಪ್ಪ ಓಢಣಿ ಕಿತ್ತೆಸೆದು ಎದ್ದು ನಿಂತ. "ನನ್ನ ಲುಂಗಿ ನನಗ ವಾಪಸ್ ಬಂತು!"

ಶನಿವಾರ ಅರ್ಧ ದಿನದ ಶಾಲೆ. ವರದಾ ಊಟ ಮುಗಿಸಿ ಕೌದಿಗಳ ನಡುವೆ ಕೂತಳು. ಒಂದೊಂದನ್ನೂ ಕಣ್ಣು ಮುಚ್ಚಿ ಮುಟ್ಟಿ ನೋಡಿದಳು. ಅಮ್ಮ ಒಗೆದು ಒಣಗಿಸಿದ ಎಂಟನೆಯದು ಬೆಕ್ಕಿನ ಬೆನ್ನಿನ ಹಾಗಿತ್ತು. ಹತ್ತನೆಯದರ ಅಂಚಿನಲ್ಲಿ ಜರಿ ಚುರುಚುರು ಎನ್ನುತ್ತಿತ್ತು. ಏಳನೆಯದರ ಚೌಕಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಇವೆಲ್ಲ ಫೋಟೋ ತೆಗೆಯುವಾಗ ಅವಳಿಗೆ ಗೊತ್ತೇ ಇರಲಿಲ್ಲ. ಬಣ್ಣ, ಅಳತೆ, ಕೈಗೆ ಹೇಗಿದೆ ಎಂಬುದು, ಎಲ್ಲವನ್ನೂ ಹೊಸದಾಗಿ ಫೋನಿನ ಮೈಕಿಗೆ ಹೇಳಿದಳು. ಗಣಿತ ಟೀಚರನ್ನು ಮಾತ್ರ ಹಾಗೆಯೇ ಬಿಟ್ಟಳು. ಅದು ಅವರಿಗೂ ಇಷ್ಟವಾಗಬಹುದು.

ಒಂಬತ್ತಕ್ಕೆ ಬಂದು ನಿಂತಳು.

"ಅಜ್ಜಿ, ಇದಕ್ಕ ಏನು ಬರೀಲಿ?"

"ತಾ ಇಲ್ಲೆ," ಎಂದು ಅಜ್ಜಿ ಫೋನು ಇಸಿದುಕೊಂಡಳು. ಬಾಯಿಗೆ ಹತ್ತಿರ ಹಿಡಿದು, ದೂರದೂರಿಗೆ ಕೂಗುವ ಹಾಗೆ ಹೇಳಿದಳು. "ಇದು ಒಂಬತ್ತನೇ ಕೌದಿ. ನಾ ಭೀಮವ್ವ, ಇದನ್ನ ಹೊಲದಾಕಿ. ಮ್ಯಾಲೆ ಹಳದಿ, ಕೆಳಗ ನೀಲಿ. ನನ್ನ ಕ​ಣ್ಣು ಮಂಜಾಗ್ಯಾವ, ಅದಕ್ಕ ಹೊಲಿಗಿ ಸ್ವಲ್ಪ ಸೊಟ್ಟ ಅದ. ಆದ್ರ ಬಿಗಿ ಅದ. ಬೇಕಾದ್ರ ಜಗ್ಗಿ ನೋಡ್ರಿ!"

ರವಿವಾರ ಮಧ್ಯಾಹ್ನ ಫೋನು ಬಂತು. ಆ ಕಡೆ ಹೆಂಗಸರು ಜೋಗುಳ ಹಾಡುತ್ತಿದ್ದರು, ಪಾತ್ರೆ ಸದ್ದು, ಮಕ್ಕಳ ಗದ್ದಲ. ಅದರ ನಡುವೆ ಪ್ರಲ್ಹಾದ ಅವರ ದಪ್ಪ ದನಿ.

"ಹೆಸರಿಟ್ವಿ! ರೇಣು ಅಂತ. ನಿಮ್ಮ ಕೌದಿ ಮ್ಯಾಲೆ ಹಾಕಿದ್ವಿ. ಎರಡ ನಿಮಿಷಕ್ಕ ನಿದ್ದಿ ಬಂತು, ನೀ ಹೇಳಿದಂಗ. ಆದ್ರ ವರದಾ, ಒಂದು ಮಾತು ನೀ ನನಗ ಹೇಳೇ ಇಲ್ಲಲ್ಲ?"

ವರದಾ ಹೆದರಿದಳು. "ಏನ್ರಿ?"

"ಮೂಲ್ಯಾಗ ಕಾಳು ಅವ. ಐದು."

"ಅವು ಫೋಟೋದಾಗ ಕಾಣಂಗಿಲ್ರಿ!"

"ಹೌದವಾ! ಮುಂಜಾನಿಂದ ಇಲ್ಲಿ ನಲವತ್ತು ಮಂದಿ ಕೌದಿ ನೋಡ್ಯಾರ. ಒಬ್ಬರಿಗೂ ಕಂಡಿಲ್ಲ. ಪೊಟ್ಟಣ ಬಿಚ್ಚಿದ ಕೂಡ್ಲೆ ನನ್ನ ಕೈಗೆ ಸಿಕ್ಕಾವ. ಈಗ ಒಬ್ಬೊಬ್ಬರಿಗೂ ಕರದು ತೋರಸಲಿಕತ್ತೀನಿ!"

ಅವರು ನಗುತ್ತಲೇ ಇದ್ದರು. ಯಾರೋ ಅವರನ್ನು ಊಟಕ್ಕೆ ಕರೆದರು.

ಫೋನು ಇಟ್ಟ ಮೇಲೆ ವರದಾ ಲಗುಬಗೆಯಿಂದ ಅಂಗಡಿಯ ಪುಟ ತೆರೆದಳು. ಎಲ್ಲ ಕೌದಿಗೂ ಐದೈದು ಕಾಳು ಇದ್ದವಲ್ಲ, ಎಲ್ಲದಕ್ಕೂ ಬರೆಯಬೇಕಿತ್ತು! ಮೈಕಿನ ಮೇಲೆ ಬೆರಳಿಟ್ಟಳು. ಇಟ್ಟವಳು ಹಾಗೆಯೇ ತಡೆದಳು.

"ಅಜ್ಜಿ, ಕಾಳಿನ ಸುದ್ದಿ ಬರೀಲೇನು?"

ಅಜ್ಜಿ ಪದದ ನಡುವೆ ಇದ್ದಳು. ನುಡಿ ಮುಗಿಯುವ ತನಕ ಉತ್ತರ ಬರಲಿಲ್ಲ. ವಾರವೆಲ್ಲ ಹೊಲಿಯುತ್ತಿದ್ದ ಹೊಸ ಕೌದಿ ಅವಳ ಕಾಲಿನ ಮೇಲೆ ಹರಡಿತ್ತು. ಒಂದು ಮೂಲೆ ಮಾತ್ರ ಮುಚ್ಚುವುದು ಉಳಿದಿತ್ತು.

"ನೀ ಏನಂತೀ?"

ವರದಾ ಯೋಚಿಸಿದಳು. ದೌಂಡದ ಗದ್ದಲದ ಮನೆ, ತೊಟ್ಟಿಲ ಸುತ್ತ ನಲವತ್ತು ಮಂದಿ, ಅವರ ನಡುವೆ ಮೆಲ್ಲಗೆ ಮೂಲೆಯ ಕಡೆಗೆ ಹೋಗುವ ಒಂದು ಕೈ. ಅವಳು ಅವರ ಮುಖವನ್ನು ನೋಡಿರಲಿಲ್ಲ. ಆದರೂ ಆಗ ಆ ಮುಖ ಹೇಗಿದ್ದಿರಬೇಕು ಎಂದು ಅವಳಿಗೆ ಗೊತ್ತಿತ್ತು.

ಫೋನನ್ನು ಕವುಚಿ ಇಟ್ಟಳು. ಅಡುಗೆಮನೆಗೆ ಹೋಗಿ ಜೋಳದ ಡಬ್ಬಿ ತೆರೆದಳು. ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲೇ ಎಣಿಸಿ, ಕಾಳು ತಂದು ಅಜ್ಜಿಯ ಅಂಗೈಗೆ ಹಾಕಿದಳು.

ಅಜ್ಜಿ ಹೆಬ್ಬೆರಳಿನಿಂದ ಅವನ್ನು ಒಮ್ಮೆ ಹೊರಳಿಸಿದಳು.

"ಆರು ಅವಲ್ಲವಾ."

"ಹೌದೇನು?" ವರದಾ ಕಣ್ಣು ತೆರೆದಳು. "ಒಂದು ತಗೀಲಿ?"

"ಇರಲಿ ಬಿಡು," ಎಂದು ಅಜ್ಜಿ ಆರನ್ನೂ ಒಳಗೆ ಹಾಕಿ ಮೂಲೆ ಮುಚ್ಚಿದಳು. "ಇದಕ್ಕ ಹಸಿವಿ ಜಾಸ್ತಿ ಅದ."